ಓದೋಳ ಪಾಲು

ಅಲ್ಲಾಳಸಂದ್ರಕ್ಕೆಲ್ಲ ಬರುತ್ತಿದ್ದುದು ಒಂದೇ ಪೇಪರು, ಅದೂ ಖುದ್ದೂಸ್ ಸಾಹೇಬರ ಜಗಲಿಗೆ. ಅಲ್ಲಿ ಹನ್ನೆರಡು ಹೆಂಗಸರು ಮಣೆ ಮುಂದಿಟ್ಟುಕೊಂಡು ಊದುಬತ್ತಿ ಹೊಸೆಯುತ್ತಿದ್ದರೆ, ಅಂಜನಮ್ಮ ಗೋಡೆಗೊರಗಿ ಅದನ್ನು ಓದಿ ಹೇಳುತ್ತಿದ್ದಳು. ಐದನೇ ಕ್ಲಾಸಿಗೇ ಶಾಲೆ ಬಿಟ್ಟ ಹುಡುಗಿ. ನಾಲ್ಕು ಜನರ ಮುಂದೆ ಬಾಯಿ ಬಿಡದವಳು, ಪೇಪರು ಮುಖಕ್ಕೆ ಅಡ್ಡ ಹಿಡಿದರೆ ಮಾತ್ರ ದನಿ ಹೊರಡುತ್ತಿತ್ತು. ಓದುವಾಗ ಅವಳ ಕೈಕೆಲಸ ನಿಲ್ಲುತ್ತದಲ್ಲ, ಅದಕ್ಕೆ ಎಲ್ಲರೂ ತಾವು ಹೊಸೆದ ಬತ್ತಿಯಲ್ಲಿ ಒಂದೊಂದು ಹಿಡಿ ಅವಳ ಮೊರಕ್ಕೆ ಹಾಕುತ್ತಿದ್ದರು. ಅದಕ್ಕೆ ‘ಓದೋಳ ಪಾಲು’ ಎಂದು ಹೆಸರು.

ಅರವತ್ತನೇ ಇಸವಿಯಲ್ಲಿ ತಾಲ್ಲೂಕು ಬೋರ್ಡಿನ ಎಲೆಕ್ಷನ್ ಬಂತು. ಕೆರೆ ಕೆಳಗಿನ ತೋಟಗಳನ್ನು ಕಾರ್ಖಾನೆಗೆ ಬಿಡಿ ಎಂದು ಕಂಟ್ರಾಕ್ಟರ್ ಚಿಕ್ಕಮುನಿಯಪ್ಪ, ಬಿಡಬೇಡಿ ಎಂದು ಮುನಿಗಂಗಪ್ಪ ನಿಂತರು. ಮುನಿಗಂಗಪ್ಪನ ಹೆಂಡತಿ ದ್ರೌಪದಮ್ಮ ಅದೇ ಜಗಲಿಯಲ್ಲಿ ಬತ್ತಿ ಹೊಸೆಯುವವಳು. ಆದರೆ ಕಾರ್ಖಾನೆ ಬಂದರೆ ಗೇಟು ಕಾಯುವ ಕೆಲಸ ನಿನಗೇ ಎಂದು ಚಿಕ್ಕಮುನಿಯಪ್ಪ ಅಂಜನಮ್ಮನ ಅಣ್ಣ ಸೊಣ್ಣಪ್ಪನಿಗೆ ಮಾತು ಕೊಟ್ಟಿದ್ದ. ಸೊಣ್ಣಪ್ಪ ಆಗಲೇ ಯಲಹಂಕದಿಂದ ಒಂದು ಸೀಟಿ ತಂದು ಗೋಡೆಯ ಗೂಟಕ್ಕೆ ನೇತುಹಾಕಿದ್ದ.

ಓಟಿಗೆ ಮೂರು ದಿನವಿರುವಾಗ ಪೇಪರಿನಲ್ಲಿ ದಪ್ಪಕ್ಷರದ ಸುದ್ದಿ ಬಂತು: ಮುನಿಗಂಗಪ್ಪ ತನ್ನ ತೋಟವನ್ನು ಗುಟ್ಟಾಗಿ ಕಾರ್ಖಾನೆಯವರಿಗೆ ಮಾರಿದ್ದಾನೆ. ಅಂಜನಮ್ಮ ಇದ್ದದ್ದು ಇದ್ದಂತೆ ಓದಿದಳು.

“ಅರೆ! ನಮ್ಗೆ ಮಾರಬ್ಯಾಡಿ ಅಂದು ತಾನು ಮಾರ್ಕೊಂಡ್ನಾ?” ಎಂದಳು ಅಕ್ಬರಿ.

“ಸುಳ್ಳು ಕಣವ್ವಾ,” ಎಂದಳು ದ್ರೌಪದಮ್ಮ.

“ಅಚ್ಚಾಗಿರೋದು ಎಂಗಕ್ಕಾ ಸುಳ್ಳಾಗ್ತದೆ?”

ಹೆಬ್ಬೆಟ್ಟಿನ ಆಸಾಮಿ ಮುನಿಗಂಗಪ್ಪ ಪಹಣಿ ಕಂಕುಳಲ್ಲಿಟ್ಟುಕೊಂಡು ಪೇಟೆಯ ಪೇಪರ್ ಆಫೀಸಿಗೆ ಹೋಗಿ ಬಂದ. ತಪ್ಪಾಯಿತೆಂದು ಹಾಕುತ್ತೇವೆ ಎಂದಿದ್ದರಂತೆ.

ಓಟಿನ ದಿನ ಬೆಳಿಗ್ಗೆ ದ್ರೌಪದಮ್ಮ ಅಂಜನಮ್ಮನ ಪಕ್ಕಕ್ಕೇ ಮಣೆ ಎಳೆದುಕೊಂಡಳು. “ನಮ್ಮೋರ್ ಇಚಾರ ಬಂದೈತೇನಮ್ಮಿ?”

ಬಂದಿತ್ತು. ಮೂರನೇ ಪುಟದಲ್ಲಿ, ಅಕ್ಕಿ ಧಾರಣೆಯ ಕೆಳಗೆ, ನಾಲ್ಕೇ ಸಾಲು. ಮೊನ್ನೆಯ ಸುದ್ದಿ ತಪ್ಪು, ತೋಟ ಮುನಿಗಂಗಪ್ಪನ ಹೆಸರಿನಲ್ಲೇ ಇದೆ. ಅಂಜನಮ್ಮನಿಗೆ ಗೂಟದ ಮೇಲಿನ ಸೀಟಿ ಕಣ್ಣಿಗೆ ಕಟ್ಟಿತು.

“ಇಲ್ಲ ದೊಡ್ಡಮ್ಮ.”

“ಸರ್ಯಾಗಿ ನೋಡು, ತಾಯಿ. ಸಣ್ಣಕ್ಷರದಾಗೆ ಆಕಿರ್ತಾರೆ.”

“ಇಲ್ಲ. ಅಕ್ಕಿ ರೇಟು ಐತೆ, ಅಷ್ಟೇ.”

ಹೆಂಗಸರು ಕೈಯ ಕಪ್ಪು ತೊಳೆದುಕೊಂಡು ಓಟಿಗೆ ಎದ್ದರು. ಅಂಜನಮ್ಮ ಪೇಪರು ಮಡಚಿ ಸೊಂಟಕ್ಕೆ ಸಿಕ್ಕಿಸಿದಳು. ಮುನಿಗಂಗಪ್ಪ ಒಂಬತ್ತು ಓಟಿನಿಂದ ಸೋತ.

ನಾಲ್ಕು ದಿನ ಬಿಟ್ಟು ದ್ರೌಪದಮ್ಮ ಕೆಲಸಕ್ಕೆ ಬಂದಳು. “ಪೇಪರ್ನೋರೂ ದುಡ್ಡಿರೋರ ಕಡೇನೇ ಅಂದ್ರು ನಮ್ಮೋರು. ನೀನ್ ಓದವ್ವಾ, ನಿಂದೇನ್ ತಪ್ಪು,” ಎಂದು ಮೊರಕ್ಕೆ ಹಾಕಿದ ಹಿಡಿ ಎಲ್ಲರಿಗಿಂತ ದೊಡ್ಡದಿತ್ತು. ಅಂದಿನಿಂದ ಅಂಜನಮ್ಮ ಆ ಹಳೇ ಪೇಪರನ್ನು ಸೊಂಟದಲ್ಲಿಟ್ಟುಕೊಂಡೇ ತಿರುಗಿದಳು. ದಿನಾ ಹೇಳಬೇಕೆಂದು ಬರುವಳು, ದಿನಾ ಆ ಹಿಡಿ ಬೀಳುವುದು, ಬಾಯಿ ಕಟ್ಟುವುದು.

ಬೋರ್ಡು ತೋಟಗಳನ್ನು ಕಾರ್ಖಾನೆಗೆ ಬಿಟ್ಟಿತು. ಮಾಗಿಯಲ್ಲಿ ಸರ್ವೆಯವರು ಬಂದು ದ್ರೌಪದಮ್ಮನ ತೋಟದ ನುಗ್ಗೆ ಮರದ ಬುಡಕ್ಕೆ ಕಲ್ಲು ನೆಟ್ಟರು. ಕಾವಲಿಗೆ ನಿಂತ ಸೊಣ್ಣಪ್ಪ ಸೀಟಿ ಊದಿದ. ಅದು ಜಗಲಿಯವರೆಗೂ ಕೇಳಿಸಿತು.

ಅಂಜನಮ್ಮ ಆ ದಿನದ ಪೇಪರು ಬದಿಗಿಟ್ಟು ಸೊಂಟದಿಂದ ಇನ್ನೊಂದನ್ನು ತೆಗೆದಳು. ಮಡಿಕೆಯಲ್ಲಿ ಹರಿದಿತ್ತು. ನಾಲ್ಕು ಸಾಲನ್ನೂ ಓದಿದಳು.

“ಇದ್ಯಾವತ್ತಿಂದು?” ಎಂದಳು ದ್ರೌಪದಮ್ಮ.

“ಓಟಿನ ದಿನದ್ದು.”

ಅಕ್ಬರಿ “ಯಾ ಅಲ್ಲಾ” ಎಂದು ಓಟು ಹಾಕಿದ ತನ್ನ ಕೈ ನೋಡಿಕೊಂಡಳು. ದ್ರೌಪದಮ್ಮ ಬಗ್ಗಿ, ಮೊರದಿಂದ ತನ್ನ ಹಿಡಿಯನ್ನು ವಾಪಸು ತೆಗೆದುಕೊಂಡಳು.

“ನಿಲ್ಲಿಸ್ಬ್ಯಾಡ, ಓದು,” ಎಂದಳು. “ಅಕ್ಕಿ ರೇಟೂ ಓದು. ಇವತ್ತು ಒಂದೂ ಬುಡಬ್ಯಾಡ.”

ಅಂಜನಮ್ಮ ಓದತೊಡಗಿದಳು. ಪೇಪರನ್ನು ಮುಖಕ್ಕೆ ಅಡ್ಡ ಹಿಡಿಯಲು ಅವಳಿಗೆ ಕೈ ಏಳಲಿಲ್ಲ.