ಒಡೆಯದ ನಿಂಬೆಹಣ್ಣು

ಮೂರು ನಿಂಬೆಹಣ್ಣು ಒಡೆದವು. ಕಾರಿನ ಮುಂದಿನ ಎಡಗಾಲಿಯ ಕೆಳಗಿದ್ದದ್ದು ಜಾರಿ, ಗ್ರಾನೈಟ್ ಚಪ್ಪಡಿಯ ಮೇಲೆ ಉರುಳಿಕೊಂಡು ಹೋಗಿ ಇಂದ್ರವ್ವನ ಕಾಲಿಗೆ ಬಡಿಯಿತು. ಹಣ್ಣಿಗೆ ಒಂದು ಗೀರೂ ಬಿದ್ದಿರಲಿಲ್ಲ.

"ಆತೇನಬೇ ಯವ್ವಾ?" ಧರ್ಮರಾಜ ಕಾರಿನೊಳಗಿಂದ ಕೇಳಿದ.

"ಆಗ್ಲಿಲ್ಲ. ಇಳಿ ಕೆಳಗ. ಎಲ್ಲಿಗೂ ಹೋಗೂದು ಬ್ಯಾಡ."

ಇಳಕಲ್ಲಿನ ಹೊರಗಿರುವ ಧರ್ಮರಾಜನ ಗ್ರಾನೈಟ್ ಪಾಲಿಶ್ ಕಾರ್ಖಾನೆಯ ಅಂಗಳ ಅದು. ಕಾರು ಇಪ್ಪತ್ತು ವರ್ಷಕ್ಕೂ ಹಳೆಯದು, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಹುಬ್ಬಳ್ಳಿಯ ವಕೀಲರೊಬ್ಬರ ಹಿತ್ತಲಲ್ಲಿ ತಾಡಪತ್ರಿ ಹೊದ್ದು ನಿಂತಿದ್ದನ್ನು ಕೊಂಡು ತಂದಿದ್ದ. ಕೊಯಮತ್ತೂರಿನ ರೇಸ್ ಟ್ರ್ಯಾಕಿನಲ್ಲಿ ಕೆಲವು ದಿನ ಯಾರು ಬೇಕಾದರೂ ತಮ್ಮ ಕಾರು ಓಡಿಸಬಹುದು. ಸ್ಪರ್ಧೆಯಿಲ್ಲ, ಬಹುಮಾನವಿಲ್ಲ, ವೇಗ ಅಷ್ಟೇ. ಧರ್ಮರಾಜನ ಸರದಿ ಭಾನುವಾರ. ಕಾರು ಒಯ್ಯುವ ಲಾರಿ ಇನ್ನೇನು ಬರುವುದಿತ್ತು.

ಕಾರನ್ನು ಸಿದ್ಧ ಮಾಡಿದವನು ಶಿರೂರಿನ ನವೀದ. ಬಾಗಲಕೋಟೆಯಲ್ಲಿ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಡಿಪ್ಲೊಮಾ ಮುಗಿಸಿದ್ದರು. ನವೀದ ತನ್ನ ಗ್ಯಾರೇಜಿನಲ್ಲಿ ಎಸಿ ಕಿತ್ತ, ಬ್ರೇಕಿನ ಪೈಪು ಬದಲಿಸಿದ, ಮೆತ್ತನೆಯ ಸ್ಪ್ರಿಂಗ್ ತೆಗೆದು ಗಟ್ಟಿಯವು ಹಾಕಿದ. ಕಾರು ಪಲ್ಟಿಯಾದರೆ ತಲೆ ಉಳಿಯಲೆಂದು ಒಳಗೆ ಉಕ್ಕಿನ ಪೈಪುಗಳ ಪಂಜರ ವೆಲ್ಡ್ ಮಾಡಿದ.

ಧರ್ಮರಾಜ ಇಳಿದು ನಕ್ಕ. "ಚಪ್ಪಡಿ ನುಣ್ಣಗ ಐತಿ, ಜಾರೇತಿ. ಅದಕ್ಕ ಯಾಕ ಹೆದರ್ತಿ?"

"ಉಳಿದ ಮೂರರ ಕೆಳಗ ಬ್ಯಾರೆ ಚಪ್ಪಡಿ ಐತೇನು?"

ಪಕ್ಕದಲ್ಲೇ ನಿಂತಿದ್ದ ನವೀದ ಕುಕ್ಕರಗಾಲಲ್ಲಿ ಕೂತು ಆ ಗಾಲಿಗೆ ಎರಡೂ ಕೈ ಹಚ್ಚಿ ತಿರುವಿದ. ಕಾರಿನ ಭಾರ ಹೊತ್ತ ಗಾಲಿ ಹಾಗೆ ತಿರುಗಬಾರದು. ಇದು ತಿರುಗಿತು.

ಅವನಿಗೆ ತಕ್ಷಣ ತಿಳಿಯಿತು. ಈ ಚಪ್ಪಡಿ ಮಟ್ಟಸ. ಅವನ ಗ್ಯಾರೇಜಿನ ನೆಲ ಮಟ್ಟಸವಲ್ಲ. ಗಾಡಿ ತೊಳೆದ ನೀರು ಹರಿದುಹೋಗಲೆಂದು ಇಳಿಜಾರು ಮಾಡಿಸಿದ್ದ. ವೆಲ್ಡಿಂಗ್ ಮಷೀನಿನ ಕೇಬಲ್ ಅಲ್ಲಿಗೇ ಮುಟ್ಟುತ್ತದೆಂದು ಕಾರನ್ನು ಅಲ್ಲೇ ನಿಲ್ಲಿಸಿ, ಒಂದು ಮೂಲೆಗೆ ಕಟ್ಟಿಗೆಯ ತುಂಡು ಕೊಟ್ಟು ಪಂಜರ ಕೂಡಿಸಿದ್ದ. ತಿರುಚಿ ನಿಂತ ಬಾಡಿಯನ್ನು ಹಾಗೇ ಬಿಗಿದುಬಿಟ್ಟಿದ್ದ. ಅದಕ್ಕೇ ಮಟ್ಟಸ ನೆಲದ ಮೇಲೆ ಒಂದು ಗಾಲಿ ಸರಿಯಾಗಿ ಊರುತ್ತಿರಲಿಲ್ಲ.

ಸುಮ್ಮನಿರಬಹುದಿತ್ತು. ಏನಾದರೂ ಆದರೆ ಹಳೇ ಕಾರು ಅನ್ನುತ್ತಾರೆ.

ಅಷ್ಟರಲ್ಲಿ ಪಾಲಿಶ್ ಮಷೀನ್ ನಡೆಸುವ ದೀಪಕ ಮುಂದೆ ಬಂದ. ಆಳು ದಪ್ಪ. "ಅವ್ವಾರ, ಇನ್ನೊಂದು ಹಣ್ಣು ಇಡ್ರಿ. ನಾ ಆ ಮೂಲಿ ಮ್ಯಾಲ ಕುಂದರ್ತೇನಿ. ಹೆಂಗ ಒಡಿಯೂದಿಲ್ಲ ನೋಡೂಣು."

ಅವನು ಬಾನೆಟ್ಟಿನ ಎಡತುದಿಗೆ ಕೂತ. ಧರ್ಮರಾಜ ಕಾರು ಮುಂದಕ್ಕೆ ಬಿಟ್ಟ. ಹಣ್ಣು ಪಚಕ್ಕೆಂದಿತು. ಇಂದ್ರವ್ವ ಗಾಲಿಗೆ ಕುಂಕುಮ ಹಚ್ಚಿ, ಸಮಾಧಾನದಿಂದ ಒಳಗೆ ಚಹಾ ಮಾಡಲು ಹೋದಳು.

"ಧರ್ಮಾ, ಇದು ಹೋಗಬಾರ್ದು," ಅಂದ ನವೀದ.

"ಅವ್ವಂದು ಮುಗೀತು, ಈಗ ನೀ ಶುರು ಮಾಡಿದೇನಲೇ? ನಿಂಬಿಹಣ್ಣಿಗೆ ನೀ ಯಾವಾಗಿಂದ ಹೆದರಾಕ ಹತ್ತಿ?"

"ಹಣ್ಣಲ್ಲೋ, ಗಾಲಿ. ಭಾರ ಹೊತ್ತಿಲ್ಲ ಅದು. ಬಾಡಿ ತಿರುಚೇತಿ. ಜೋರಿನ್ಯಾಗ ಬ್ರೇಕ್ ಹೊಡದ್ರ ಗಾಲಿ ಜಾಮ್ ಆಗಿ ಕಾರು ಗಿರಕಿ ಹೊಡಿತೈತಿ."

"ಈಗ ಒಡೀತಲ್ರಿ ಹಣ್ಣು," ಅಂದ ದೀಪಕ.

"ಟ್ರ್ಯಾಕಿನ್ಯಾಗೂ ನೀ ಬಾನೆಟ್ ಮ್ಯಾಲ ಕುಂದರ್ತೀ ಏನಪಾ?"

ಧರ್ಮರಾಜ ನಗಲಿಲ್ಲ. "ಪಂಜರ ಹಾಕಿದಾಂವ ಯಾರು?"

"ನಾನ. ತಪ್ಪು ನಂದ. ಎಲ್ಲಾ ಕಿತ್ತು ಮೊದಲಿಂದ ಮಾಡ್ಬೇಕು."

"ಅಂದ್ರ ಮಳಿಗಾಲ ಕಳೀಬೇಕು. ಊರ ತುಂಬ ಹೇಳೇನಿ ಲೇ. ನೀ ಶಿರೂರಿಗೆ ಹೋಗಿ ಕುಂದರ್ತಿ. ಇಲ್ಲಿ ದಿನಾ ಚಾ ಅಂಗಡಿಗೆ ಹೋಗಾಂವ ನಾ." ರಸ್ತೆಯಲ್ಲಿ ಲಾರಿ ಹಾರ್ನ್ ಹೊಡೆಯಿತು. "ಮೆಲ್ಲಕ ಓಡಿಸ್ತೇನಿ, ಹೋಗು."

ಧರ್ಮರಾಜ ಮೆಲ್ಲಗೆ ಓಡಿಸುವವನಲ್ಲ. ಮೆಲ್ಲಗೆ ಓಡಿಸುವವನಾಗಿದ್ದರೆ ಈ ಕಾರು ವಕೀಲರ ಹಿತ್ತಲಲ್ಲೇ ಇರುತ್ತಿತ್ತು. ಅವನು ಗೇಟು ತೆಗೆಯಲು ಹೋದ. ನವೀದ ತನ್ನ ಚೀಲದಿಂದ ಕಟಿಂಗ್ ಮಷೀನ್ ತೆಗೆದು ಗೋಡೆಯ ಪ್ಲಗ್ಗಿಗೆ ಹಚ್ಚಿದ. ಕಾರಿನ ಬಾಗಿಲು ತೆಗೆದು, ಡ್ರೈವರ್ ಪಕ್ಕಕ್ಕೆ ಪಂಜರದ ಓರೆ ಪೈಪಿಗೆ ಬ್ಲೇಡ್ ಇಟ್ಟ. ಕಿಡಿಗಳು ಸೀಟಿನ ಮೇಲೆಲ್ಲ ಬಿದ್ದವು.

"ಲೇ! ಬಂದ್ ಮಾಡಲೇ!" ಧರ್ಮರಾಜ ಓಡಿ ಬಂದು ಪ್ಲಗ್ ಕಿತ್ತ. ತಡವಾಗಿತ್ತು. ಪಟಾಕಿ ಸಿಡಿದಂತೆ ಪೈಪು ಬಿಟ್ಟುಕೊಂಡಿತು. ಕತ್ತರಿಸಿದ ಎರಡು ತುದಿ ಒಂದರ ಎದುರು ಒಂದು ನಿಲ್ಲಲಿಲ್ಲ. ಸರಿದು ಅತ್ತಿತ್ತ ಆದವು. ಕಾರು ಕಿರುಗುಟ್ಟಿತು, ಅದರ ಮುಂದಿನ ಎಡಮೂಲೆ ಕೆಳಗಿಳಿಯಿತು. ಪೂರ್ತಿ ಅಲ್ಲ, ಕಣ್ಣಿಗೆ ಕಾಣುವಷ್ಟು.

ಧರ್ಮರಾಜ ಆ ಸಂದಿನಲ್ಲಿ ಬೆರಳಿಟ್ಟು ನೋಡಿದ.

"ನಿನ್ನ ಸಾಮಾನು ತಗೊಂಡು ಹೋಗು," ಅಂದ.

"ಧರ್ಮಾ..."

"ಹೋಗು ಅಂದೆ."

ಇಂದ್ರವ್ವ ಚಹಾದ ತಾಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನವೀದನಿಗೆ ಕುಡಿದು ಹೋಗು ಅನ್ನಲಿಲ್ಲ.

ಬಸ್ಸು ಅಮೀನಗಡದಲ್ಲಿ ನಿಂತಾಗ ದೀಪಕನ ಫೋನ್ ಬಂತು. "ನವೀದಭಾಯ್, ಲಾರಿ ಖಾಲಿ ಹೋತು. ಸಾವಕಾರ್ರು ತಾವ ಉಳಿದ ಪೈಪ್ ಕಡಿಯಾಕ ಹತ್ಯಾರ."

"ನನ್ನ ಬಗ್ಗೆ ಏನರ ಅಂದ್ರೇನು?"

"ಇಲ್ರಿ."

ಕಿಟಕಿಯ ಹೊರಗೆ ಕರದಂಟಿನ ಅಂಗಡಿಯವನು ಯಾರಿಗೋ ಡಬ್ಬಿ ಕಟ್ಟಿಕೊಡುತ್ತಿದ್ದ.

"ಹೊಸ ಪಂಜರ ಹಾಕೂತನಾ ಕಾರು ಆ ಚಪ್ಪಡಿ ಮ್ಯಾಲಿಂದ ಇಳಸಬ್ಯಾಡ್ರಿ ಅಂತ ಹೇಳು."

"ನೀವ ಫೋನ್ ಮಾಡಿ ಹೇಳ್ರಿ."

"ನೀ ಹೇಳು," ಅಂದ ನವೀದ. "ನನ್ನ ಹೆಸರು ತಗೀಬ್ಯಾಡ."