ಹನ್ನೆರಡನೇ ಹಾಸಿಗೆಯ ಅಜ್ಜಿ

ಕುರ್ಚಿ ಸದ್ದು ಮಾಡುತ್ತಿದೆ, ಅಲ್ಲ, ಕುರ್ಚಿಯಲ್ಲ, ಅದರ ಮೇಲಿನ ಪ್ಲಾಸ್ಟಿಕ್, ಇನ್ನೂ ಯಾರೂ ಬಿಚ್ಚಿಲ್ಲ, ಅಲುಗಿದರೆ ಸಾಕು ಚರಚರ — ಇವತ್ತಿನಿಂದ ಇಡೀ ಆಸ್ಪತ್ರೆಯ ನರ್ಸುಗಳಿಗೆಲ್ಲ ನಾನೇ ಮುಖ್ಯಸ್ಥೆ, ಬಾಗಿಲ ಮೇಲೆ ಹೆಸರು, ಕಿಟಕಿಯಾಚೆ ಇನ್ನೂ ಏಳುತ್ತಿರುವ ಹೊಸ ಕಟ್ಟಡ, ಬೆಳಿಗ್ಗೆ ಎಲ್ಲರೂ ಚಪ್ಪಾಳೆ ತಟ್ಟಿದರು, ಮಗಳು ಫೋನಿನಲ್ಲಿ ಅಮ್ಮಾ ನೀನು ಗೆದ್ದುಬಿಟ್ಟೆ ಅಂದಳು, ಹೌದು ಕಣೇ ಗೆದ್ದೆ, ಆದರೆ ಈ ಕೈಗಳನ್ನು ಏನು ಮಾಡಲಿ, ಮೇಜಿನ ಮೇಲೆ ಬಿದ್ದುಕೊಂಡಿವೆ, ಕೆಲಸ ಕಳೆದುಕೊಂಡ ಇಬ್ಬರ ಹಾಗೆ. ಛೆ, ಕೊರಗಬಾರದು, ನನಗೇನು ಕಡಿಮೆಯಾಗಿದೆ, ಬೆಳಗಿನ ಪಾಳಿಗೆ ನಾನು ಓಡುತ್ತಿದ್ದ ದಿನಗಳಲ್ಲಿ ಮಗಳ ಜಡೆ ಹೆಣೆಯೋದು ಕಲಿತ ಗಂಡ, ಸೊಟ್ಟ ಜಡೆ, ಒಂದು ಕಿವಿಯ ಹತ್ತಿರ, ಇನ್ನೊಂದು ಬೆನ್ನ ಮೇಲೆ, ಅವರಿಲ್ಲದಿದ್ದರೆ ನಾನೆಲ್ಲಿ, ಮತ್ತೆ ನಮ್ಮ ದೊಡ್ಡಕ್ಕ, ನನಗೆ ಕೆಲಸ ಕಲಿಸಿದ ಹಿರಿಯ ನರ್ಸು, ಎಲ್ಲರ ಬಾಯಲ್ಲೂ ದೊಡ್ಡಕ್ಕ, ಮೊದಲ ದಿನ ರೋಗಿಯನ್ನು ಮೂಟೆ ಎತ್ತೋ ಹಾಗೆ ಎತ್ತಿದ್ದಕ್ಕೆ ನನ್ನ ಕೈ ಮೇಲೆ ಪಟ್ಟಂತ ಹೊಡೆದು, ಹೇಳದೆ ಮುಟ್ಟಬೇಡ, ಮೊದಲು ಹೇಳು, ಅವರು ಹೂಂ ಅಂದ ಮೇಲೆ ಎತ್ತು, ಆ ಏಟಿಗೆ ಇವತ್ತಿಗೂ ಋಣಿ ನಾನು. ಎಂಟು ವರ್ಷ ಆಯ್ತಾ ಯಾರನ್ನಾದರೂ ಎತ್ತಿ, ಒಂಬತ್ತಾ — ಪಾಳಿ ಪಟ್ಟಿ, ಸಭೆ, ಸಹಿ, ಮತ್ತೆ ಸಭೆ.

ಎದ್ದೆ, ಮೂರು ಗಂಟೆಯ ಸಭೆಗೆ ಇನ್ನೂ ಅರ್ಧ ಗಂಟೆ, ತಪಾಸಣೆ ಅಂತ ನನಗೆ ನಾನೇ ನೆಪ ಹೇಳಿಕೊಂಡು ಹೆಂಗಸರ ವಾರ್ಡಿಗೆ, ನೆಲ ಒರೆಸಿದ ಸೋಪಿನ ವಾಸನೆ, ಹನ್ನೆರಡನೇ ಹಾಸಿಗೆಯ ಅಜ್ಜಿ ದಿಂಬಿನಿಂದ ಜಾರಿ ವಾರೆಯಾಗಿ ಬಿದ್ದುಕೊಂಡು, ಏ ತಾಯಿ, ಬಾ ಇಲ್ಲಿ, ಸ್ವಲ್ಪ ಮೇಲೆ ಕೂರಿಸು, ಎಷ್ಟು ಹೊತ್ತಿಂದ ಕೂಗ್ತಿದೀನಿ, ಇಲ್ಲಿ ಯಾರಿಗೂ ಕಿವಿ ಇಲ್ವಾ. ವಾರ್ಡಿನ ಸಿಸ್ಟರ್ ಗಾಬರಿಯಾಗಿ ಓಡಿ ಬಂದಳು, ಅಜ್ಜೀ, ಅವರು ಯಾರು ಗೊತ್ತಾ, ಬಿಡಿ ಮೇಡಂ ನಾನು ನೋಡ್ತೀನಿ ಅಂತ, ಯಾರಾದ್ರೇನೇ, ಕೈ ಇವೆಯಲ್ಲ ಅಂದಳು ಅಜ್ಜಿ, ಸರಿಯಾಗೇ ಹೇಳಿದಳು ಮುದುಕಿ, ನಗು ಬಂತು, ಅಜ್ಜೀ, ಈಗ ಎತ್ತುತ್ತೀನಿ, ಹೂಂ ಅಂದಳು, ಒಂದು ಕೈ ಬೆನ್ನ ಕೆಳಗೆ, ಒಂದು ತೊಡೆಯ ಕೆಳಗೆ, ಮೊಣಕಾಲು ಬಗ್ಗಿಸಿ — ಮರೆತಿಲ್ಲ, ಕೈಗಳು ಮರೆತಿಲ್ಲ — ಅವಳ ತಲೆ ನನ್ನ ಹೆಗಲಿಗೆ ಒರಗಿತು, ಉಸಿರು ಬಿಟ್ಟಳು, ಉದ್ದನೆಯ ಉಸಿರು, ನಾನೂ ಬಿಟ್ಟೆ, ಎಷ್ಟು ವರ್ಷದಿಂದ ಹಿಡಿದಿಟ್ಟಿದ್ದೆನೋ. ಹೊರಡುವಾಗ ಸಿಸ್ಟರ್‌ಗೆ, ನಾಳೆಯಿಂದ ದಿನಾ ಬೆಳಿಗ್ಗೆ ಒಂದು ಗಂಟೆ ನಾನಿಲ್ಲಿ, ಎರಡು ಹಾಸಿಗೆಯವರನ್ನು ನನಗೆ ಬಿಡು ಅಂದೆ, ಅವಳು ಬಾಯಿಗೆ ಕೈ ಅಡ್ಡ ಇಟ್ಟು, ಮೇಡಂ, ಬೆನ್ನು ಹಿಡ್ಕೊಳ್ಳುತ್ತೆ, ಹಿಡ್ಕೊಳ್ಳಲಿ ಬಿಡು, ನೋಡ್ಕೊಳ್ಳೋಕೆ ನೀವೆಲ್ಲ ಇದ್ದೀರಲ್ಲ.

ಈಗ ಸಭೆ, ಉದ್ದ ಮೇಜು, ದೊಡ್ಡ ಡಾಕ್ಟರು ಏನೋ ಹೇಳುತ್ತಿದ್ದಾರೆ, ಹೊಸ ಕಟ್ಟಡ, ಮುಂದಿನ ವರ್ಷ, ನನ್ನ ಕಪ್ಪು ಕೋಟಿನ ಹೆಗಲ ಮೇಲೆ ಒಂದು ಕೂದಲು, ಬಿಳಿ, ಉದ್ದ, ಅಜ್ಜಿಯದು, ಪಕ್ಕದವರು ಕೂದಲಿದೆ ಮೇಡಂ ಅಂತ ಕೊಡವಲು ಬಂದರು, ಬೇಡ, ಇರಲಿ, ಇನ್ನೂ ನೂರು ಹಾಸಿಗೆ ಅಂತೆ, ಹೌದು, ಒಳ್ಳೆಯದು, ಫ್ಯಾನಿನ ಗಾಳಿಗೆ ಕೂದಲು ಅಲುಗುತ್ತಿದೆ, ಹಾರಿಹೋಗಿಲ್ಲ, ನೂರು ಹಾಸಿಗೆ, ನೂರು ತಲೆ, ಹೆಗಲ ಮೇಲೆ, ಕಪ್ಪು ಕೋಟು, ಒಂದು ಬಿಳಿ ಕೂದಲು, ಒಂದು ಬಿಳಿ ಕೂದಲು