ಬನ್ನಿ ಎನ್ನದ ಮನೆ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳನ್ನು ಎಲ್ಲರೂ ಎಣಿಕೆಯಮ್ಮ ಎಂದೇ ಕರೆಯುತ್ತಿದ್ದರು. ಹತ್ತು ಬೆಡ್‌ಶೀಟಿನ ಕಟ್ಟನ್ನು ಒಮ್ಮೆ ಎಣಿಸಿ ಕಟ್ಟಿ, ಮತ್ತೆ ಬಿಚ್ಚಿ ಎಣಿಸಿ, ಗಾಡಿಗೆ ಏರಿಸುವಾಗ ಇನ್ನೊಮ್ಮೆ ಅಂಚಿನ ಮೇಲೆ ಬೆರಳಾಡಿಸಿದರೇನೇ ಅವಳಿಗೆ ಸಮಾಧಾನ. ತಪ್ಪಾದೀತು ಎಂಬ ಭಯ ಅವಳಿಗೆ ಹುಟ್ಟಿನಿಂದಲೇ ಅಂಟಿಕೊಂಡು ಬಂದಿತ್ತು.

ಅವಳ ಜೊತೆಗಾತಿ ಉದ್ದಕ್ಕ. ಹೆಸರಿಗೆ ತಕ್ಕ ಹಾಗೆ ಎತ್ತರ, ಬಾಯಿ ಅದಕ್ಕಿಂತ ಉದ್ದ. ಬಿಸಿ ಉರುಳೆಯ ಇಸ್ತ್ರಿ ಯಂತ್ರದಿಂದ ಶೀಟು ಹೊರಬರುತ್ತಲೇ ಇಬ್ಬರೂ ಎರಡೆರಡು ಮೂಲೆ ಹಿಡಿದು ಬಿಗಿಯಾಗಿ ಎಳೆಯಬೇಕು. ಆಮೇಲೆ ಒಬ್ಬರತ್ತ ಒಬ್ಬರು ಮೂರು ಹೆಜ್ಜೆ ನಡೆದು ಮೂಲೆ ಒಪ್ಪಿಸಿ ಹಿಂದೆ ಸರಿಯಬೇಕು. ಯಂತ್ರದ ಗದ್ದಲದಲ್ಲಿ ದೂರದಿಂದ ಏನೂ ಕೇಳುವುದಿಲ್ಲ. ಹಾಗಾಗಿ ಅವರ ಮಾತೆಲ್ಲ ಮೂಲೆ ಒಪ್ಪಿಸುವ ಗಳಿಗೆಯಲ್ಲೇ. ಒಂದು ಶೀಟಿಗೆ ಒಂದು ಪ್ರಶ್ನೆ, ಮುಂದಿನ ಶೀಟಿಗೆ ಉತ್ತರ.

"ಬಾಯಲ್ಲೇ ಏನೋ ಗೊಣಗ್ತಿರ್ತೀಯಲ್ಲ, ನನ್ನನ್ನ ಬೈತಿದ್ದೀಯಾ?" ಎಂದು ಒಂದು ದಿನ ಉದ್ದಕ್ಕ ಕೇಳಿದಳು.

"ಅಯ್ಯೋ ಇಲ್ಲ ಅಕ್ಕ. ದೇವರ ನಾಮ."

ಮುಂದಿನ ಶೀಟು. "ನನಗೂ ಹೇಳ್ಕೊಡು ಮತ್ತೆ. ಭಾನುವಾರ ಸಂಜೆ ಎಲ್ಲೋ ಹೋಗ್ತೀಯಂತಲ್ಲ, ಅಲ್ಲಿಗೆ ನಾನೂ ಬರಲಾ?"

ಎಣಿಕೆಯಮ್ಮ ಮೂಲೆ ಒಪ್ಪಿಸಿ ಬೇಗ ಹಿಂದೆ ಸರಿದಳು. ಅವಳು ಹೋಗುತ್ತಿದ್ದುದು ಸೋದರಮಾವನ ಮನೆಗೆ. ಮೂರನೆಯ ಮಹಡಿಯ ಪುಟ್ಟ ಹಜಾರದಲ್ಲಿ ಏಳೆಂಟು ಮನೆಯವರು ಸೇರುತ್ತಿದ್ದರು. ಮಾವ ಗ್ರಂಥ ಓದಿ ಅರ್ಥ ಹೇಳುತ್ತಿದ್ದರು, ಉಳಿದವರು ಹಾಡುತ್ತಿದ್ದರು. ಹೊಲಿಗೆ ಯಂತ್ರ ರಿಪೇರಿ ಮಾಡಿ ನಿವೃತ್ತರಾದ ಮಾವನಿಗೆ ಒಂದೇ ಒಂದು ಹೆಮ್ಮೆ. "ನಮ್ಮದು ಕರೆಯೋ ಧರ್ಮ ಅಲ್ಲ. ನಾವು ಯಾರ ಬಾಗಿಲನ್ನೂ ತಟ್ಟಿದವರಲ್ಲ."

ಆ ಮಾತು ಎಣಿಕೆಯಮ್ಮನಿಗೂ ಹಿಡಿಸಿತ್ತು, ಕಾರಣವೂ ಇತ್ತು. ಅವಳ ಅಮ್ಮ ತೀರಿಕೊಂಡ ವಾರದಲ್ಲೇ ಇಬ್ಬರು ಕರಪತ್ರ ಹಿಡಿದು ಬಾಗಿಲಿಗೆ ಬಂದಿದ್ದರು. ಸ್ವಲ್ಪ ಮುಂಚೆ ನಮ್ಮ ಮಾತು ಕೇಳಿದ್ದರೆ ನಿಮ್ಮಮ್ಮನಿಗೆ ಸದ್ಗತಿ ಸಿಗುತ್ತಿತ್ತು ಎಂದಿದ್ದರು. ಗಾಯದ ಮೇಲೆ ಉಪ್ಪು ಸವರಿದ ಹಾಗಾಗಿತ್ತು. ಇಂಥ ಕೆಲಸ ನನ್ನ ಜನ್ಮದಲ್ಲಿ ಮಾಡಲಾರೆ ಎಂದು ಅವತ್ತೇ ನಿಶ್ಚಯಿಸಿದ್ದಳು.

ಆದ್ದರಿಂದ ಉದ್ದಕ್ಕನಿಗೆ ಮೆಲ್ಲಗೆ ಹೇಳಿದಳು: "ನಿಮ್ಮ ದಾರಿ ನಿಮಗೆ ಚೆನ್ನಾಗೇ ಇರುತ್ತೆ ಅಕ್ಕ. ಎಲ್ಲಾ ದಾರಿನೂ ಸೇರೋದು ಒಂದೇ ಕಡೆ."

ಉದ್ದಕ್ಕ ನಕ್ಕು ಮುಂದಿನ ಶೀಟಿಗೆ ಕೈ ಚಾಚಿದಳು. ಎಷ್ಟು ಗೌರವದಿಂದ ಹೇಳಿದೆನಲ್ಲ ಎಂದು ಎಣಿಕೆಯಮ್ಮನಿಗೆ ಅವತ್ತು ನಿದ್ದೆಯೂ ಚೆನ್ನಾಗಿ ಬಂತು.

ಐದು ತಿಂಗಳ ಮೇಲೆ ಉದ್ದಕ್ಕನ ತಂಗಿ ತೀರಿಕೊಂಡಳು. ಹತ್ತು ದಿನದ ರಜೆ ಮುಗಿಸಿ ಬಂದವಳ ಬಾಯಿಂದ ಒಂದು ತಮಾಷೆಯೂ ಹೊರಡಲಿಲ್ಲ. ಮೂಲೆ ಒಪ್ಪಿಸುತ್ತಾ ಕೇಳಿದಳು, "ಸತ್ತವರು ಎಲ್ಲಿ ಹೋಗ್ತಾರೆ ಅಂತ ನಿಮ್ಮಲ್ಲಿ ಹೇಳ್ತಾರೆ?"

ಮುಂದಿನ ಶೀಟಿಗೂ ಉದ್ದಕ್ಕನೇ ಮಾತಾಡಿದಳು. "ನಮ್ಮಪ್ಪಂದೊಂದು ದೇವರು, ಅಮ್ಮಂದೊಂದು ದೇವರು. ಜಗಳ ಆಡಿ ಆಡಿ ಕೊನೆಗೆ ಎರಡೂ ದೇವರನ್ನ ಮನೆಯಿಂದ ಆಚೆ ಹಾಕಿದ್ರು. ನಮಗೆ ಯಾರೂ ಏನೂ ಹೇಳ್ಕೊಡಲಿಲ್ಲ. ಅವಳು ಹೋದಾಗ ಏನು ಅಂದ್ಕೋಬೇಕು ಅನ್ನೋದೂ ನನಗೆ ಗೊತ್ತಾಗಲಿಲ್ಲ."

ಮಾತು ಎಣಿಕೆಯಮ್ಮನ ಗಂಟಲವರೆಗೆ ಬಂತು. ಆದರೆ ಎದುರಿಗಿದ್ದವಳು ಹತ್ತು ದಿನದ ದುಃಖದವಳು. ಈಗ ಬಾಯಿ ಬಿಟ್ಟರೆ ನನಗೂ ಆ ಕರಪತ್ರದವರಿಗೂ ಏನು ವ್ಯತ್ಯಾಸ? ಹೆದರಿದ ನಾಲಿಗೆ ಹಳೆಯ ಮಾತನ್ನೇ ಆಡಿತು: "ನಿಮ್ಮ ದಾರಿ ನಿಮಗೆ ಅಕ್ಕ. ಎಲ್ಲಾ ಒಂದೇ."

ಮರುವಾರದಿಂದ ಉದ್ದಕ್ಕ ದಿಂಬಿನ ಚೀಲದ ಮೇಜಿಗೆ ಹೋದಳು. ಅದು ಒಬ್ಬರೇ ಮಾಡುವ ಕೆಲಸ.

"ಅವಳೇ ಕೇಳ್ಕೊಂಡು ಹೋದ್ಲು," ಎಂದ ಸೂಪರ್‌ವೈಸರ್. "'ದಾರಿನೇ ಇಲ್ಲದೋಳಿಗೆ ನಿನ್ನ ದಾರಿ ನಿನಗೆ ಅಂತಾಳೆ. ಇಷ್ಟು ಮರ್ಯಾದೆಯಾಗಿ ಬಾಗಿಲು ಹಾಕೋರನ್ನ ನಾನೆಲ್ಲೂ ನೋಡಿಲ್ಲ' ಅಂದ್ಲು. ಯಾವ ಬಾಗಿಲೋ ಏನೋ, ನನಗೆ ಬೇಕಾಗಿರೋದು ಶೀಟು. ಹೊಸಬಳ ಜೊತೆ ಬೇಗ ಹೊಂದ್ಕೊ ತಾಯಿ."

ಎಣಿಕೆಯಮ್ಮನಿಗೆ ಅಂದು ಮಧ್ಯಾಹ್ನ ಆ ಮಾತಿನ ಅರ್ಥ ಹೊಳೆಯಿತು. ತಾನು ವಿನಯ ಎಂದುಕೊಂಡದ್ದು ಎದುರಿನವಳಿಗೆ ಹೊಸಿಲ ಹೊರಗೆ ನಿಲ್ಲಿಸಿದ ಹಾಗೆ ಕಂಡಿತ್ತು. ಕೇಳಿದ್ದು ಒಂದು ಸಲವಲ್ಲ, ಎರಡು ಸಲ. ಇನ್ನು ಅವಳು ಕೇಳಲಾರಳು. ಈಗ ತಾನೇ ಹೋಗಿ ಹೇಳಿದರೆ ಅದು ಕರೆದಂತಾಗುವುದಿಲ್ಲವೇ?

ಆ ಭಾನುವಾರ ಎಲ್ಲರೂ ಎದ್ದು ಹೋದ ಮೇಲೂ ಅವಳು ಮಾವನ ಮುಂದೆ ಕುಳಿತೇ ಇದ್ದು, ನಡೆದದ್ದನ್ನೆಲ್ಲ ಹೇಳಿದಳು.

"ನೀನು ಹೇಳಿದ್ರಲ್ಲಿ ತಪ್ಪೇನಿದೆ ಮಗಳೇ? ನಾವು ಯಾರನ್ನೂ ಸೇರಿಸಲ್ಲ, ಯಾರನ್ನೂ ಬಿಡಿಸಲ್ಲ," ಎಂದರು ಮಾವ.

ಒಳಗಿಂದ ಅತ್ತೆಯ ದನಿ ಬಂತು. "ಬಂದವರನ್ನ ನಿಲ್ಲಿಸ್ತೀರಿ, ಅಷ್ಟೆ."

"ನೀನು ಸುಮ್ನಿರೇ. ನಾಳೆ ಅವಳು ತನ್ನ ಗೋತ್ರ ಯಾವುದು ಅಂತ ಕೇಳಿದ್ರೆ ಏನು ಹೇಳ್ಲಿ?"

"ಅವರು ಗೋತ್ರ ಕೇಳಲಿಲ್ಲ ಮಾವ. ತಂಗಿ ಎಲ್ಲಿ ಹೋದ್ಲು ಅಂತ ಕೇಳಿದ್ರು."

ಮಾವ ಕನ್ನಡಕ ತೆಗೆದು ಒರೆಸಿದರು. ಅವರು ಕೆಟ್ಟವರಲ್ಲ, ಅವರದೂ ಅಳುಕೇ. "ನೋಡು, ದುಃಖದಲ್ಲಿರೋರು ಯಾರು ಕೈ ಚಾಚಿದ್ರೂ ಹಿಡ್ಕೋತಾರೆ. ಅಂಥ ಹೊತ್ತಲ್ಲಿ ಎಳ್ಕೊಳ್ಳೋದು ಕದಡಿದ ನೀರಲ್ಲಿ ಮೀನು ಹಿಡಿದ ಹಾಗೆ. ಅದು ಪಾಪ."

"ಎಳ್ಕೊಂಡ್ರೆ ಪಾಪ, ಒಪ್ತೀನಿ. ಬಾಯಾರಿದೆ ಅಂತ ಕೇಳಿದವರಿಗೆ ನಿಮ್ಮ ಬಾವಿ ನಿಮಗೆ ಅನ್ನೋದು ಏನು ಮಾವ?"

ಅಷ್ಟು ಎದುರುತ್ತರ ಅವಳು ಜೀವಮಾನದಲ್ಲೇ ಕೊಟ್ಟಿರಲಿಲ್ಲ.

ಮಾವ ಕನ್ನಡಕವನ್ನು ಮತ್ತೆ ಏರಿಸಿಕೊಂಡು, "ಅವಳಾಗೇ ಬಂದ್ರೆ ನೋಡೋಣ. ನೀನು ಮಾತ್ರ ಕರೀಬೇಡ," ಎಂದರು.

ಮನೆಗೆ ನಡೆಯುವಾಗ ದಾರಿಯುದ್ದಕ್ಕೂ ಅದನ್ನೇ ತೂಗಿದಳು. ಕೇಳದವರ ಬಾಗಿಲಿಗೆ ಹೋಗುವುದು ಬೇರೆ, ಕೇಳಿದವರಿಗೆ ತಡವಾಗಿ ಉತ್ತರ ಕೊಡುವುದು ಬೇರೆ. ತೂಗಿದಷ್ಟೂ ತಕ್ಕಡಿ ಒಂದೇ ಕಡೆ ಬಾಗಿತು. ತಪ್ಪಾದರೆ ಆಗಲಿ, ಈ ಸಲ ಮಾತಾಡಿಯೇ ತಪ್ಪು ಮಾಡುತ್ತೇನೆ ಎಂದು ಗಟ್ಟಿ ಮಾಡಿಕೊಂಡಳು.

ಮರುದಿನ ಬಿಡುವಿನ ಗಂಟೆ ಹೊಡೆಯುತ್ತಲೇ ದಿಂಬಿನ ಚೀಲದ ಮೇಜಿನ ಮುಂದೆ ನಿಂತಳು.

"ಏನು, ಇಲ್ಲೂ ಎಣಿಸೋಕೆ ಬಂದ್ಯಾ?" ಉದ್ದಕ್ಕ ತಲೆ ಎತ್ತಲಿಲ್ಲ.

"ಎರಡು ಸಲ ಕೇಳಿದ್ರಿ, ಎರಡು ಸಲವೂ ನಾನು ಉತ್ತರ ಕೊಡಲಿಲ್ಲ. ಹೆದರಿಕೆ ಅಕ್ಕ, ಅಹಂಕಾರ ಅಲ್ಲ. ನಮ್ಮಮ್ಮ ಹೋದಾಗ ಯಾರೋ ಬಂದು ನನ್ನ ದುಃಖದಲ್ಲಿ ಅವರ ಅಂಗಡಿ ತೆರೆದಿದ್ರು. ನಾನೂ ಹಾಗಾಗಿಬಿಡ್ತೀನೇನೋ ಅನ್ನಿಸ್ತು."

"ನೀನಾ? ಅಂಗಡಿನಾ?" ಉದ್ದಕ್ಕನ ತುಟಿಯ ಅಂಚು ಸ್ವಲ್ಪ ಸಡಿಲಿತು. "ಈಗ ನನಗೆ ಬೇಡ ಅಂದ್ರೆ?"

"ಇನ್ನು ಆ ಮಾತು ಎತ್ತಲ್ಲ. ಶೀಟು ಮಡಚೋಕೆ ಮಾತ್ರ ವಾಪಸ್ ಬನ್ನಿ. ಆ ಹೊಸ ಹುಡುಗಿ ಮೂಲೆ ಬಿಟ್ಟುಬಿಡ್ತಾಳೆ."

ಉದ್ದಕ್ಕ ಕೈಯಲ್ಲಿದ್ದ ಚೀಲವನ್ನು ಕೆಳಗಿಟ್ಟಳು. "ಹೇಳು. ಎಲ್ಲಿ ಹೋಗ್ತಾರೆ?"

"ನಾನು ಓದಿದವಳಲ್ಲ. ನನಗೆ ಹೇಳಿಕೊಟ್ಟಿದ್ದು ಇಷ್ಟು. ಮೈ ಹೋಗುತ್ತೆ, ಒಳಗಿರೋದು ಹೋಗಲ್ಲ. ಅದಕ್ಕೆ ಇನ್ನೂ ದಾರಿ ಇದೆ. ಇನ್ನೊಂದು ಜನ್ಮ ಅಂತಾರೆ, ಕೊನೆಗೆ ದೇವರಲ್ಲೇ ಸೇರುತ್ತೆ ಅಂತಾರೆ. ಯಾರೂ ಶಾಶ್ವತವಾಗಿ ಕಳೆದುಹೋಗಲ್ಲ. ಅಮ್ಮನ ವಿಷಯದಲ್ಲಿ ನಾನು ಇದನ್ನೇ ಹಿಡ್ಕೊಂಡಿದ್ದೀನಿ. ಕೆಲವು ದಿನ ಹಿಡಿತ ಸಿಗುತ್ತೆ, ಕೆಲವು ದಿನ ಜಾರುತ್ತೆ."

"ಜಾರುತ್ತಾ?"

"ಜಾರುತ್ತೆ."

ಉದ್ದಕ್ಕ ಕೆಳಗಿಟ್ಟಿದ್ದ ಚೀಲವನ್ನು ಮತ್ತೆ ಎತ್ತಿ ಮಡಚತೊಡಗಿದಳು. ಎಣಿಕೆಯಮ್ಮ ಉಸಿರು ಎಳೆದುಕೊಂಡು, ಮಾವ ಆಡಬೇಡ ಎಂದ ಮಾತನ್ನೇ ಆಡಿದಳು. "ಭಾನುವಾರ ಐದು ಗಂಟೆಗೆ. ನನ್ನ ಜೊತೆ ಬನ್ನಿ. ನೀವು ಏನನ್ನೂ ಬಿಡಬೇಕಿಲ್ಲ, ಏನೂ ಆಗಬೇಕಿಲ್ಲ. ಬೇಸರ ಬಂದ್ರೆ ಎದ್ದು ಹೋಗಿ."

ಭಾನುವಾರ ಇಬ್ಬರೂ ಮೂರು ಮಹಡಿ ಹತ್ತಿದರು. ಹಜಾರದಲ್ಲಿ ಎಲ್ಲರೂ ಕುಳಿತಾಗಿತ್ತು. ಬಾಗಿಲಲ್ಲಿ ಉದ್ದಕ್ಕನನ್ನು ಕಂಡ ಮಾವ ಎದ್ದು ಬಂದು, ಸೋದರಸೊಸೆಯನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. "ಅವರಾಗೇ ಬಂದ್ರಾ, ನೀನು ಕರೆದ್ಯಾ?"

ಅವರಾಗೇ ಬಂದರು ಎಂದರೆ ಮುಗಿದುಹೋಗುತ್ತಿತ್ತು. ಮಾವನಿಗೂ ಆ ಉತ್ತರವೇ ಬೇಕಿತ್ತೆಂದು ಮುಖವೇ ಹೇಳುತ್ತಿತ್ತು.

"ನಾನು ಕರೆದೆ," ಎಂದಳು ಎಣಿಕೆಯಮ್ಮ. "ಒಳಗೆ ಬೇಡ ಅಂದ್ರೆ ಇಬ್ಬರೂ ಮೆಟ್ಟಿಲ ಮೇಲೆ ಕೂತ್ಕೋತೀವಿ. ನಿಮ್ಮ ಗಂಟಲು ಅಲ್ಲಿಗೂ ಕೇಳುತ್ತೆ. ಮುಂದಿನ ವಾರನೂ ಅಲ್ಲೇ ಕೂತ್ಕೋತೀವಿ."

"ಕೂರೋಳೇ ಅವಳು. ನಿಮ್ಮಕ್ಕನ ಮಗಳಲ್ವಾ," ಎಂದು ಅತ್ತೆ ಎಲ್ಲರಿಗೂ ಕೇಳುವಂತೆ ಹೇಳಿ, ತನ್ನ ಪಕ್ಕದ ಚಾಪೆಯನ್ನು ಅಗಲವಾಗಿ ಬಿಡಿಸಿದಳು.

ಮಾವ ಸೊಸೆಯನ್ನು ನೋಡಿದರು, ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ ಎತ್ತರದ ಹೆಂಗಸನ್ನು ನೋಡಿದರು. ಅವಳ ಹೆಸರು ಕೇಳಲಿಲ್ಲ, ಮನೆತನ ಕೇಳಲಿಲ್ಲ.

"ತಂಗಿ ಹೆಸರೇನಮ್ಮ?" ಎಂದರು.

ಉದ್ದಕ್ಕ ಹೇಳಿದಳು. ಅವರಿಗೆ ಕೇಳಿ ಗೊತ್ತಿಲ್ಲದ ಹೆಸರು, ಅರ್ಧದಲ್ಲೇ ತೊಡರಿದರು. ಅವಳು ಬಿಡಿಸಿ ಬಿಡಿಸಿ ಹೇಳಿಕೊಟ್ಟಳು. ಮಾವ ತಮ್ಮ ಜಾಗಕ್ಕೆ ಹೋಗಿ ಕುಳಿತು, ಕೈ ಮುಗಿದು, ಅಗಲಿದವರನ್ನೆಲ್ಲ ನೆನೆಯುವ ಪ್ರಾರ್ಥನೆಯಲ್ಲಿ ಆ ಹೆಸರನ್ನು ಅಕ್ಷರ ತಪ್ಪದೆ ಸೇರಿಸಿದರು. ಆಮೇಲೆ ಪುಟ ತೆರೆದು ಓದತೊಡಗಿದರು.